ಲಾಭದಿಂದ ಹತ್ತರವರೆಗೆ

ಕಡೂರು ಬಸ್ ನಿಲ್ದಾಣ ಇನ್ನೂ ಎರಡು ತಿರುವು ದೂರ ಇರುವಾಗಲೇ ಕರಿಯಮ್ಮ ಎದ್ದು ಬಾಗಿಲ ಕಂಬಿ ಹಿಡಿದಿದ್ದಳು. ತಾನು ಕೂತರೆ ಬಸ್ಸೂ ಕೂತುಬಿಡುತ್ತದೆ ಎಂಬಂತೆ.

ಪಂಚನಹಳ್ಳಿ ಕಡೆಯ ಶಾಲೆಯೊಂದರಲ್ಲಿ ಹದಿನಾರು ವರ್ಷದಿಂದ ಬಿಸಿಯೂಟ ಬೇಯಿಸಿದವಳು. ಈಗ ಐವತ್ತೇಳು. ದಸರಾಕ್ಕೆ ಮುಂಚೆ ಸಾರಿನ ಪಾತ್ರೆಯನ್ನು ಒಂದೇ ಏಟಿಗೆ ಎತ್ತಲು ಹೋಗಿ ಸೊಂಟ ಹಿಡಿದು ಕೂತಳು. ಹೆಡ್ಮಾಸ್ತರು ಗಂಗಾಧರಯ್ಯ ಉಗ್ರಾಣದ ಬೀಗದ ಕೈ ಇಸಿದುಕೊಂಡರು. ಸಂಕ್ರಾಂತಿ ಕಳೆದ ಮೇಲೆ ಬಂದು ತುಂಬಿದ ಪಾತ್ರೆ ಇಳಿಸಿ ತೋರಿಸಲಿ, ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದರು.

ನೋವು ಹೋಯಿತು, ಬಲ ಬರಲಿಲ್ಲ. ಡಾಕ್ಟರು ಗಾನವಿಯ ಹತ್ತಿರ ಕಳಿಸಿದರು. ಫಿಸಿಯೊಥೆರಪಿ ಓದಿದ ಹುಡುಗಿ. ವಯಸ್ಸಾದವರಿಗೆಂದೇ ಕಡೂರಿನಲ್ಲಿ ಒಂದು ಕೋಣೆ ಮಾಡಿ, ನಾಲ್ಕು ಮೆಷಿನ್ನು ಇಟ್ಟಿದ್ದಳು. ಕಾಲಲ್ಲಿ ಭಾರ ನೂಕಲು ಹತ್ತು ಎಣಿಸಬೇಕು, ಹಿಂದಕ್ಕೆ ತರಲು ಹತ್ತು. ಒಮ್ಮೆಗೇ ನೂಕುವಂತಿಲ್ಲ, ಉಸಿರು ಕಟ್ಟುವಂತಿಲ್ಲ. ಕಾಲು ಇನ್ನಾಗದು ಎನ್ನುವವರೆಗೆ ಹೀಗೇ. ಹದಿನೈದು ನಿಮಿಷಕ್ಕೆ ಮುಗಿಯಿತು, ಮತ್ತೆ ಮುಂದಿನ ವಾರ. ಇಷ್ಟಕ್ಕೆ ಒಂದು ಗಂಟೆ ಬಸ್ಸೇ ಎಂದು ಕರಿಯಮ್ಮನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಎಣಿಕೆಯನ್ನೂ ಅವಳು ಒಂದೇ ಉಸಿರಿಗೆ ಓಡಿಸುತ್ತಿದ್ದಳು. ಭಾರ ದಢಕ್ಕನೆ ಹೋಗಿ ದಢಕ್ಕನೆ ಬರುತ್ತಿತ್ತು. ಮೂರನೆಯ ವಾರ ಗಾನವಿ ಮೆಷಿನ್ನು ನಿಲ್ಲಿಸಿ, ಒಂದು ಅನ್ನುವ ಕಡೆ ಲಾಭ ಅನ್ನುವುದೇಕೆ ಎಂದು ಕೇಳಿದಳು. ಕಾಳು ಅಳೆಯುವಾಗ ಮೊದಲ ಸೇರಿಗೆ ಹಾಗನ್ನುವುದು ತಾಯಿಯಿಂದ ಬಂದ ರೂಢಿ, ಬಾಯಿಗೆ ಅದೇ ಬರುತ್ತದೆ ಎಂದಳು ಕರಿಯಮ್ಮ.

“ಅಕ್ಕಿ ಅಳಿಯೋವಾಗ್ಲೂ ಹಿಂಗೇ ಓಡ್ತೀರಾ ಅಮ್ಮ?”

“ಅದೆಂಗಾಯ್ತದೆ ಕಣವ್ವ? ನಿಧಾನಕ್ಕೆ ಸುರೀಬೇಕು. ಚೆಲ್ಲಿದ್ರೆ ಮಕ್ಕಳ ಅನ್ನ ಅಲ್ವಾ?”

“ಹಂಗಾದ್ರೆ ಇಲ್ಲೂ ಸುರೀರಿ. ಚೆಲ್ಲಬೇಡಿ.”

ಅಂದು ನಾಲ್ಕನೆಯ ಸಲಕ್ಕೇ ತೊಡೆ ಗಡಗಡ ನಡುಗಿ ಭಾರ ಅರ್ಧದಲ್ಲಿ ನಿಂತಿತು. ಇಷ್ಟು ದಿನ ತಾನು ಮಾಡಿದ್ದು ಬರೀ ಆಟ ಎಂದು ಅವಳಿಗೆ ಗೊತ್ತಾಯಿತು. ಮುಂದಿನ ವಾರಗಳಲ್ಲಿ ಗಾನವಿ ಭಾರ ಏರಿಸುತ್ತ ಹೋದಳು.

ಸಂಕ್ರಾಂತಿ ಕಳೆದು ಶಾಲೆಗೆ ಹೋದಾಗ ಗಂಗಾಧರಯ್ಯ ದೊಡ್ಡ ಪಾತ್ರೆಗೆ ಕಂಠದವರೆಗೆ ತಣ್ಣೀರು ತುಂಬಿಸಿ ಒಲೆಯ ಮೇಲೆ ಇಡಿಸಿದ್ದರು. ಒಂದು ಹಿಡಿಗೆ ಕರಿಯಮ್ಮ, ಇನ್ನೊಂದಕ್ಕೆ ಅವಳ ಜೊತೆಯ ಅಡುಗೆಯ ಓಬಮ್ಮ. ಪಾತ್ರೆ ಒಲೆಯಿಂದ ಎದ್ದಿತು. ಮಂಡಿ ಮಡಿಸುತ್ತ ಕರಿಯಮ್ಮ ಕಾಳು ಅಳೆಯುವಂತೆ ಬಾಯಲ್ಲೇ ಎಣಿಸತೊಡಗಿದಳು. ಓಬಮ್ಮ ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಐದಕ್ಕೇ ಅವಳ ಮುಖ ಕೆಂಪಗಾಯಿತು.

“ಬೇಗ ಇಳ್ಸಕ್ಕಾ, ಕೈ ಬಿದ್ದೋಯ್ತವೆ.”

“ಏಳು,” ಎಂದಳು ಕರಿಯಮ್ಮ.

ಹತ್ತಕ್ಕೆ ಪಾತ್ರೆ ನೆಲ ಮುಟ್ಟಿತು. ನೀರು ಅಂಚು ದಾಟಲಿಲ್ಲ. ಹೆಡ್ಮಾಸ್ತರು ಗಡಿಯಾರ ನೋಡಿಕೊಂಡರು.

“ಏನಮ್ಮ, ಇಷ್ಟೊತ್ತಾ?”

“ಚೆಲ್ತಾ ಸಾ?”

ಅವರು ಜೇಬಿನಿಂದ ಬೀಗದ ಕೈ ತೆಗೆದರು. ಕರಿಯಮ್ಮ ಅದನ್ನು ಕಸಿದುಕೊಂಡಂತೆ ತೆಗೆದುಕೊಂಡು ಉಗ್ರಾಣಕ್ಕೆ ದಾಪುಗಾಲು ಹಾಕಿದಳು. ಒಲೆ ಹಚ್ಚಲು ಆಗಲೇ ತಡವಾಗಿತ್ತು, ಹೊರಗೆ ಓಬಮ್ಮ ಕೂಗುತ್ತಿದ್ದಳು. ಕರಿಯಮ್ಮ ಸೇರಿಗೆ ಅಕ್ಕಿ ತುಂಬಿ ಎತ್ತಿ, ನಿಧಾನಕ್ಕೆ ಸುರಿದಳು. ಕೊನೆಯ ಕಾಳು ಬೀಳುವವರೆಗೆ ಕೈ ಅಲುಗಲಿಲ್ಲ.

“ಲಾಭ,” ಎಂದಳು.