ನಾಲ್ಕು ಇಂಚು ಹೆಚ್ಚಿದ್ದ ದೇಲ್

ಆ ಬಟ್ಟೆ ಓಯುನಾಳದ್ದಲ್ಲ ಎಂದು ನನಗೆ ಅನಿಸಿದ್ದು ಟೇಪು ಹಿಡಿದಾಗ.

ದೇಶ ಬಿಟ್ಟು ಬಂದು ನಾವಿರುವ ಮಾಂಟ್ ಕಿಯಾರಾದ ಕಾಂಡೋ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ, ಮಂಗಳೂರು ಮೂಲದ ಫ್ಲೊರೆನ್ಸ್ ಆಂಟಿಯ ಆಲ್ಟರೇಷನ್ ಅಂಗಡಿಯಲ್ಲಿ ನಾನು ಹೊಲಿಯುತ್ತೇನೆ. ಕಲಿತದ್ದು ಪೆಟಾಲಿಂಗ್ ಜಯಾದ ಸಂಜೆ ತರಗತಿಯಲ್ಲಿ. ಅಳತೆಯನ್ನು ನಂಬಿ, ಗಿರಾಕಿಯ ಮಾತನ್ನಲ್ಲ ಎಂದು ಅಲ್ಲಿ ಹೇಳಿಕೊಟ್ಟಿದ್ದರು.

ಮಂಗೋಲಿಯಾದ ಓಯುನಾ ಹದಿನೆಂಟನೇ ಮಹಡಿಯವಳು. ಮನೆಮನೆಗೆ ಹೋಗಿ ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದಳು. ಹೊಸವರ್ಷದ ಹಬ್ಬಕ್ಕೆ ಊರಿಗೆ ಹೊರಟಿದ್ದರಿಂದ ತನ್ನ ಎರಡು ದೇಲ್ ತಂದುಕೊಟ್ಟಳು. ದೇಲ್ ಎಂದರೆ ಅವರ ನಿಲುವಂಗಿ. ಎದೆಯ ಮೇಲೆ ಅಡ್ಡ ಹಾಯಿಸಿ ಬಲಗಡೆ ಗುಂಡಿ ಹಾಕುವಂಥದ್ದು. ಒಂದು ಹೊಸ ಫ್ಯಾಷನ್ನಿನದು, ಮೊಣಕಾಲಷ್ಟೇ ಉದ್ದ, ಮರೆಯಲ್ಲಿ ಜಿಪ್ ಇತ್ತು. ಇನ್ನೊಂದು ಹಳೆಯ ನೀಲಿ ರೇಷ್ಮೆಯದು. ಅದರ ಬಟ್ಟೆಗುಂಡಿಗಳು ಸಡಿಲವಾಗಿದ್ದವು.

ಜಿಪ್ಪಿನದು ಅವಳ ಮೈಗೆ ಸರಿಯಾಗಿ ಕೂತಿತ್ತು. ನೀಲಿಯದರ ಅಂಚು ನಾಲ್ಕು ಇಂಚು ನೆಲದ ಮೇಲೆ ಬಿದ್ದಿತ್ತು, ತೋಳು ಬೆರಳುಗಳನ್ನೂ ಮುಚ್ಚಿತ್ತು. ಗಿಡ್ಡ ಮಾಡಲೇ ಎಂದರೆ ಬೇಡವೇ ಬೇಡ ಎಂದಳು. ಇದಕ್ಕೆ ಸೊಂಟಪಟ್ಟಿ ಇಲ್ಲವೇ ಎಂದು ಕೇಳಿದೆ. ಮನೆಯಲ್ಲಿದೆ, ಅದನ್ನು ಬೇರೆಯವರ ಕೈಗೆ ಕೊಡುವುದಿಲ್ಲ ಎಂದಳು.

ಒಂದು ತಿಂಗಳಿಂದ ಬಟ್ಟೆ ಒಣಗಿಸುವ ಜಾಗದಿಂದ ಒಂದೊಂದೇ ಬಟ್ಟೆ ಕಾಣೆಯಾಗುತ್ತಿತ್ತು. ಕಾಂಡೋದಲ್ಲಿ ಇನ್ನೂ ಎರಡು ಮಂಗೋಲಿಯಾದ ಕುಟುಂಬಗಳಿದ್ದವು; ದೇಲ್ ಅವರದ್ದಿರಬಹುದೇ ಎನಿಸಿತು. ಅವಳು ಹೋದ ಮೇಲೆ ಆಂಟಿ ದೇಲನ್ನು ಎತ್ತಿ ಹಿಡಿದರು.

"ಅಲ್ಲ ಮಾರಾಯ್ತಿ, ಇದರೊಳಗೆ ಅಂಥವರು ಒಂದೂವರೆ ಜನ ಹಿಡಿಸ್ತಾರೆ."

ಸುಮ್ಮನಿದ್ದರೆ ಕಳ್ಳತನಕ್ಕೆ ನಾನೂ ಪಾಲುದಾರಳಾಗುತ್ತೇನೇನೋ ಎಂದು ಹೆದರಿದೆ. ಫೋಟೋ ತೆಗೆದು ಕಾಂಡೋದ ವಾಟ್ಸಾಪ್ ಗುಂಪಿಗೆ ಹಾಕಿದೆ: ಇದು ಯಾರದ್ದಾದರೂ ಆಗಿದ್ದರೆ ತಿಳಿಸಿ. ಎಲ್ಲಿಂದ ಬಂತೆಂಬುದನ್ನು ಮುಚ್ಚಿಡುವುದು ತಪ್ಪೆನಿಸಿ, ಪಿಯಾನೊ ಟೀಚರ್ ತಂದದ್ದು ಎಂದೂ ಸೇರಿಸಿದೆ.

ಯಾರೂ ತಮ್ಮದೆನ್ನಲಿಲ್ಲ. ಮರುದಿನ ಓಯುನಾ ಬಂದಳು, ಕೈಯಲ್ಲಿ ಕಿತ್ತಳೆ ಬಣ್ಣದ ಉದ್ದನೆಯ ರೇಷ್ಮೆಪಟ್ಟಿ. ನೀಲಿ ದೇಲ್ ತೊಟ್ಟು, ಪಟ್ಟಿಯನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿ, ಮೇಲಿನ ಬಟ್ಟೆಯನ್ನು ಎಳೆದು ಪಟ್ಟಿಯ ಮೇಲೆ ಇಳಿಬಿಟ್ಟಳು. ಅಂಚು ನೆಲ ಬಿಟ್ಟು ಮೇಲೆದ್ದಿತು. ಎದೆಯ ಬಳಿ ಚೀಲದಂತೆ ಉಬ್ಬಿದಲ್ಲಿಗೆ ಫೋನ್ ಇಳಿಸಿದಳು. ತೋಳು ಉದ್ದವಿರುವುದು ಚಳಿಯಲ್ಲಿ ಕುದುರೆಯ ಲಗಾಮು ಹಿಡಿದಾಗ ಕೈ ಮುಚ್ಚಲಿಕ್ಕೆ ಎಂದಳು. ಹೊಲಿದವಳು ಅವಳ ತಾಯಿ, ಅವಳದೇ ಅಳತೆಗೆ. ಫೋಟೋ ನೋಡಿ ನಾಲ್ಕು ಮನೆಯವರು ಪಿಯಾನೊ ಪಾಠ ಬೇಡವೆಂದಿದ್ದರು; ಯಾರ್ಯಾರೆಂದೂ ಹೇಳಿದಳು.

"ನೀವು ನನ್ನನ್ನೇ ಕೇಳಬಹುದಿತ್ತು" ಎಂದಳು ಇಂಗ್ಲಿಷಿನಲ್ಲಿ. ಗುಂಡಿ ಹೊಲಿಸದೆಯೇ ಎರಡನ್ನೂ ತೆಗೆದುಕೊಂಡು ಹೋದಳು.

ತಪ್ಪು ನನ್ನದು ಎಂದು ಗುಂಪಿನಲ್ಲಿ ಬರೆದೆ. ಫೋಟೋಗೆ ಎಂಬತ್ತು ಉತ್ತರ ಬಂದಿದ್ದವು; ಇದಕ್ಕೆ ಮೂರು. ಅಷ್ಟು ಸಾಲದೆನಿಸಿ, ಸಂಜೆ ಆ ನಾಲ್ಕು ಮನೆಗಳಿಗೂ ಹೊರಟೆ.

ಮೊದಲನೆಯದು ಬೆಂಗಳೂರಿನ ಚೈತನ್ಯಾಳ ಮನೆ. ಬಾಗಿಲನ್ನು ಚೈನು ಬಿಡುವಷ್ಟೇ ತೆರೆದು ನನ್ನ ಮಾತು ಪೂರ್ತಿ ಕೇಳಿದಳು. ನನ್ನ ಕೈಚೀಲದತ್ತ ನೋಡಿದಳು.

"ಫೋಟೋ ಹಾಕಿದ್ದೂ ನೀವೇ ಅಲ್ವಾ? ಈಗ ಹೀಗೆ ಹೇಳೋಕೆ ಅವಳು ಏನಾದ್ರೂ ಕೊಟ್ಟಳಾ?"

ಇಲ್ಲ ಎಂದೆ. ಅವಳು ಚೈನು ತೆಗೆಯಲಿಲ್ಲ. ನಾನು ಅಲ್ಲೇ ನಿಂತು, ಟೇಪು ಹಿಡಿದಲ್ಲಿಂದ ಮತ್ತೆ ಹೇಳತೊಡಗಿದೆ.