ಎಡಗಡೆಯ ಬಾಕ್ಸಿನ ಮೇಡಂ

ಬಾಗಿಲು ತಟ್ಟಿದ ಸದ್ದು, ಮೆಲ್ಲಗೆ, ಮತ್ತೊಮ್ಮೆ, ಈ ಹೊತ್ತಿನಲ್ಲಿ ರಂಗಮಂದಿರದ ಗೋಡೆಗೆ ಅಂಟಿದ ಈ ಮೇಲಿನ ಬಾಕ್ಸಿನ ಬಾಗಿಲನ್ನು ಯಾರೂ ತಟ್ಟುವುದಿಲ್ಲ, ರಾತ್ರಿಯ ಎರಡನೇ ಆಟ ನಡೆಯುತ್ತಿದೆ, ಕೆಳಗೆ ವೇದಿಕೆಯಲ್ಲಿ ಹಾಡುವ ಹುಡುಗಿ ಕೊನೆಯ ಚರಣಕ್ಕೆ ಬಂದಿದ್ದಾಳೆ, ನಾನು ನರಿಯ ತುಪ್ಪಟ ಹೊದ್ದು, ಗಾಜಿನ ವಜ್ರ ತೊಟ್ಟು, ಟಿಕೆಟು ಕೊಂಡು ಬಂದ ಶ್ರೀಮಂತಳಂತೆ ಮೂಗು ಮೇಲೆತ್ತಿ ಕುಳಿತಿದ್ದೇನೆ — ನಾನು ಐವಿ ಪಿಲ್ಬೀಮ್, ಮುಂದೆ ಬಂದು ನಗಿಸಲಿರುವ ಹೊರೇಸನ ಹೆಂಡತಿ, ಈ ಬಾಕ್ಸಿನಿಂದ ಅವನನ್ನು ಬೈದು ಬೈದು ಜನರ ನಗು ಹೆಚ್ಚಿಸುವುದೇ ನನ್ನ ಕಸುಬು ಎಂದು ಕೆಳಗಿನ ಒಬ್ಬರಿಗೂ ಗೊತ್ತಿಲ್ಲ. ಬಾಗಿಲಲ್ಲಿ ಮ್ಯಾನೇಜರ್ ಟ್ಯಾಟರ್ಸಲ್, ಮೈಯೆಲ್ಲ ಸಿಗಾರಿನ ವಾಸನೆ, ಕಣ್ಣು ನೆಲದ ಮೇಲೆ. ಐವಿ, ನೋಡಮ್ಮ, ಆಟ ಮುಗೀಲಿ ಅಂದ್ಕೊಂಡೆ, ತಡ್ಕೊಳ್ಳೋಕೆ ಆಗ್ಲಿಲ್ಲ, ಈ ಶನಿವಾರಕ್ಕೆ ಹೊರೇಸಂದು ಕೊನೆ. ಏನು ಕೊನೆ? ಅವನ ನೆನಪು ಕೈಕೊಡ್ತಿದೆ ಅಂತ ಗೊತ್ತಾಯ್ತು ಕಣಮ್ಮ, ಬೈಯೋ ನೆಪದಲ್ಲಿ ನೀನು ಅವನಿಗೆ ಮಾತು ಎತ್ತಿಕೊಡ್ತಿರೋದೂ ಗೊತ್ತಾಯ್ತು. ಯಾರು ಹೇಳಿದ್ದು? ಅದೊಂದು ಕೇಳ್ಬೇಡ, ಮಾತು ಕೊಟ್ಟಿದೀನಿ, ನೀನಿರು, ಸೋಮವಾರದಿಂದ ಅವನ ಜಾಗಕ್ಕೆ ಬರೋ ಹೊಸ ಹುಡುಗನ್ನ ಬೈದ್ಕೊಂಡಿರು, ಐವಿನ ಮಾತ್ರ ಬೀದಿಗೆ ಹಾಕ್ಬೇಡಿ ಅಂತ ಬಂದು ಹೇಳಿದೋರು ಕೈ ಮುಗಿಯೋದೊಂದು ಬಾಕಿ. ಬಾಗಿಲು ಮುಚ್ಚಿತು. ಕೈ ಮುಗಿಯುವಷ್ಟು ಕರುಣೆ! ಕತ್ತು ಕುಯ್ದು ಕರವಸ್ತ್ರ ಚಾಚುವ ಕರುಣೆ, ಯಾರದು, ಯಾರದು.

ವೇದಿಕೆಯ ಮುಂದೆ ವಾದ್ಯದವರು ಕೂರುವ ಹಳ್ಳದಲ್ಲಿ ಪಿಯಾನೊ ನುಡಿಸುವ ಸಿಡ್ನಿ ಇರಬೇಕು, ಆ ಬೋಳುತಲೆ ಇಲ್ಲಿಂದ ಚೆನ್ನಾಗಿ ಕಾಣುತ್ತದೆ, ಹೋದ ವಾರ ಹೊರೇಸ್ ಒಂದೇ ಹಾಸ್ಯವನ್ನು ಎರಡು ಸಲ ಹೇಳಿದಾಗ ಅವನು ಕತ್ತೆತ್ತಿ ನನ್ನನ್ನೇ ನೋಡಿದ್ದ — ಅಥವಾ ನಾವು ಇಳಿದುಕೊಂಡಿರುವ ಮನೆಯೊಡತಿ ಮಿಸೆಸ್ ಎಂಟ್‌ವಿಸಲ್, ಹೊರೇಸ್ ಸಕ್ಕರೆಯ ಬಟ್ಟಲಿಗೆ ಚಹಾ ಸುರಿದಾಗ ಬಿದ್ದೂ ಬಿದ್ದೂ ನಕ್ಕಿದ್ದಳು, ನಿಮ್ಮ ಯಜಮಾನ್ರು ಮನೇಲೂ ಬಿಡಲ್ವಲ್ಲಮ್ಮ, ನಕ್ಕವಳು ಬಟ್ಟಲು ತೊಳೆಯುವಾಗ ಸುಮ್ಮನಾದಳು. ಸ್ಕಾರ್ಬರೊ ಊರಿಗೆ ಊರೇ ಟೆಲಿವಿಷನ್ನಿನ ಮುಂದೆ ಕುಳಿತಿದೆ, ಇಲ್ಲಿ ಅರ್ಧ ಕುರ್ಚಿಗಳು ಖಾಲಿ, ಇದೂ ಹೋದರೆ ಹೊರೇಸ್ ಎಲ್ಲಿ ನಿಲ್ಲುತ್ತಾನೆ, ಅವನಿಗೆ ದಾರಿ ನೆನಪಿಲ್ಲ, ವಾರ ನೆನಪಿಲ್ಲ, ದೀಪದ ಬೆಳಕು ಬಿದ್ದರೆ ಮಾತ್ರ ಹೊರೇಸ್ ಹೊರೇಸನಾಗುತ್ತಾನೆ, ಆ ಬೆಳಕನ್ನೂ ಕಿತ್ತುಕೊಂಡರಲ್ಲ. ಬೆಳಿಗ್ಗೆ ತಟ್ಟೆಯ ಮೀನಿನಿಂದ ತಲೆಯೆತ್ತಿ ಕೇಳಿದ, ಮೇಡಂ, ತಾವು ಇದೇ ಊರಿನವರೇ? ಅಯ್ಯೋ ನಿನ್ನ ನಾಲಿಗೆಗೆ, ಬೆಳಗಾಗೆದ್ದು ಶುರು ಹಚ್ಕೊಂಡ್ಯಾ ಎಂದು ನಾನು ನಕ್ಕೆ, ಅವನ ಬಾಯಿ ಅರ್ಧ ತೆರೆದೇ ಇತ್ತು, ನಗುವಿಗಾಗಿ ಅಲ್ಲ, ಉತ್ತರಕ್ಕಾಗಿ. ಅದೇ ಮನುಷ್ಯ ಮಧ್ಯಾಹ್ನ ಹಾಸಿಗೆಯ ಅಂಚಿನಲ್ಲಿ ಕುಳಿತು ಬೂಟಿನ ಲಾಡಿ ಬಿಚ್ಚುತ್ತ, ಪೂರ್ತಿ ಎಚ್ಚರದ ದನಿಯಲ್ಲಿ, ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಿದೀಯಲ್ಲೇ, ಐವಿ. ಸುಮ್ನೆ ಮಲಕ್ಕೋ ಎಂದೆ. ಇಲ್ಲ ಕೇಳು, ಒಂದಿನ ಮೇಲಿಂದ ನೀನು ಬೈದಾಗ ಯಾರೋ ಗುರುತಿಲ್ಲದ ಹೆಂಗ್ಸು ಅಂತ ನಿಜವಾಗ್ಲೂ ಹೆದ್ರಿಬಿಡ್ತೀನಿ ಕಣೇ, ಅಷ್ಟು ಜನದ ಮುಂದೆ. ಆಮೇಲೆ ಕೋಟು ಹಾಕಿಕೊಂಡು ಸಮುದ್ರದ ಗಾಳಿಗೆಂದು ಹೊರಟ, ಜೊತೆಗೆ ಬರ್ತೀನಿ ಎಂದರೆ ಬೇಡ ಎಂದ, ದಾರಿ ತಪ್ಪದೆ ಬಂದೂಬಿಟ್ಟ — ಹುಡುಗಿಯ ಹಾಡು ಮುಗಿದಿದೆ, ಚಪ್ಪಾಳೆ ತೆಳ್ಳಗೆ, ಸಿಡ್ನಿಯ ಕೈ ಹೊರೇಸ್ ಬರುವಾಗಿನ ಧಾಟಿಗೆ ಹೊರಳಿತು.

ಬಂದ, ಪುಟ್ಟ ಟೋಪಿ, ದೊಗಳೆ ಪ್ಯಾಂಟು, ಬೆಳಕಿನ ಗುಂಡು ವೃತ್ತ, ನನ್ನ ಹೆಂಡ್ತಿ ನಿನ್ನೆ ಬಸ್ಸಿಗೆ ಹೋಗಿದ್ಳು ಸ್ವಾಮಿ — ನಿಂತ, ಬಾಯಿ ಅರ್ಧ ತೆರೆದಿದೆ, ನಾನು ಎದ್ದೆ, ತುಪ್ಪಟ ಕೊಡವಿದೆ, ಏನಯ್ಯಾ ಅಪದ್ಧ, ಪಾಪ ಬಸ್ಸಿನ ಕೆಳಗೆ ಬಿದ್ಳೇನು ಅವಳು? ಸಿಕ್ಕಿತು ಅವನಿಗೆ, ಇಲ್ಲ ಮೇಡಂ, ಬಸ್ಸೇ ಅವಳ ಕೆಳಗೆ ಸಿಕ್ಕಿಹಾಕ್ಕೊಂಡಿತ್ತು! ನಗು, ಬಾಲ್ಕನಿಯವರೆಗೂ ನಗು, ನಾನು ಬಸ್ಸು, ನಾನೇ ಬಸ್ಸು, ನಕ್ಕುಬಿಡಿ ಜನರೇ, ಶನಿವಾರದವರೆಗೆ. ಡಾಕ್ಟರ ಹತ್ರ ಕರ್ಕೊಂಡು ಹೋದೆ — ಮತ್ತೆ ನಿಂತ. ಡಾಕ್ಟರು ಅವಳನ್ನ ನೋಡಿದ್ನೋ ಬಸ್ಸನ್ನ ನೋಡಿದ್ನೋ ಎಂದು ಕೂಗಿದೆ. ಆ ಮಾತನ್ನು ಅವನು ಎತ್ತಿಕೊಳ್ಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ, ಮೊದ್ಲು ಯಾರನ್ನ ನೋಡಿದ್ನಯ್ಯಾ? ಎತ್ತಿಕೊಳ್ಳಲಿಲ್ಲ. ಜನ ಇನ್ನೂ ನಗುತ್ತಿದ್ದಾರೆ, ಹೊರೇಸ್ ಪಿಲ್ಬೀಮ್ ಸುಮ್ಮನೆ ನಿಂತರೂ ಅದೊಂದು ಕಲೆ ಎಂದು ನಂಬಿದವರು, ಆದರೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಸಿಡ್ನಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ, ಅವನ ಕಣ್ಣಲ್ಲಿ ನೀರು, ಅವನಲ್ಲ ಹಾಗಾದರೆ, ಅವನಲ್ಲ — ಹೊರೇಸ್ ತಲೆಯೆತ್ತಿ ನೇರ ನನ್ನನ್ನೇ ನೋಡುತ್ತಿದ್ದಾನೆ, ಕಳೆದುಹೋದವನ ನೋಟವಲ್ಲ ಅದು, ಎದುರಿಗಿರುವವಳು ಯಾರೆಂದು ಬಲ್ಲವನ ನೋಟ, ನನ್ನ ಬಾಯಿಂದ ಆಟದ ಮಾತಿನ ಬದಲು ಅದೇ ಹೊರಬಿತ್ತು, ಬೈಗುಳದ ದನಿಯೂ ಇಲ್ಲದೆ, ಯಾರು ಹೇಳಿದ್ದು ಅವರಿಗೆ? ಸಭೆ ಕಾಯುತ್ತಿದೆ, ಉತ್ತರದಲ್ಲಿ ನಗು ಇದೆಯೆಂದು ಕಾಯುತ್ತಿದೆ, ಬೆಳಕಿನ ವೃತ್ತದಲ್ಲಿ ಆ ಬಾಯಿ, ಅರ್ಧ ತೆರೆದ ಬಾಯಿ, ನಾನು ಏನನ್ನೂ ಎತ್ತಿಕೊಡದ ಬಾಯಿ, ಟೋಪಿ ತೆಗೆದ, ಆ ಬಾಯಿ —

ಹೊರೇಸ್ ಪಿಲ್ಬೀಮ್, ಕಣೇ.