ಚರಗದ ಬುಟ್ಟಿಯ ಹಿಂದೆ

ಹಂಚಿನ ಮೇಲಿನ ಸಜ್ಜೆ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಬೇಕು ಎನ್ನುವಷ್ಟರಲ್ಲಿ ಬಾಳವ್ವನ ಕಣ್ಣು ಅತ್ತೆಯ ಕೈಯ ಮೇಲೆ ಬಿತ್ತು. ಲಗಮವ್ವ ಬದನೆಕಾಯಿ ಪಲ್ಯ ತಿರುವಲೆಂದು ಸಟ್ಟುಗಕ್ಕಾಗಿ ಗೋಡೆಯ ಗೂಟದ ಕಡೆ ಕೈ ಚಾಚಿದ್ದಳು. ಕೈಯೇನೋ ನೆಟ್ಟಗೆ ಗೂಟಕ್ಕೇ ಹೋಯಿತು. ಸಟ್ಟುಗ ಮಾತ್ರ ಅಲ್ಲಿರಲಿಲ್ಲ. ಮೊಮ್ಮಗಳು ಕಾಶಿ ಆಟಕ್ಕೆ ತೆಗೆದುಕೊಂಡು ಅಜ್ಜಿಯ ಕಾಲ ಬುಡದಲ್ಲೇ ಬಿಟ್ಟು ಓಡಿದ್ದಳು. ಬೆಳಕಿಂಡಿಯಿಂದ ಬಿಸಿಲು ಅದರ ಮೇಲೆಯೇ ಬಿದ್ದು ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಮುದುಕಿಯ ಕೈ ಬರಿಯ ಗೂಟವನ್ನು ಸವರಿತು, ಕೆಳಗಿನ ಗೋಡೆಯನ್ನು ಸವರಿತು, ತಿರುಗಿ ಗೂಟಕ್ಕೇ ಬಂದು ನಿಂತಿತು.

ಬಾಳವ್ವ ಎದ್ದು ಸಟ್ಟುಗ ಎತ್ತಿಕೊಂಡಳು. ತೊಳೆದಳು. ಅತ್ತೆ ಆಚೆ ಹೊರಳಿದಾಗ ಸದ್ದಿಲ್ಲದೆ ಅದನ್ನು ಗೂಟಕ್ಕೆ ತೂಗುಹಾಕಿ ಬಂದು ಕುಳಿತಳು.

"ಅತ್ತಿ, ಪಲ್ಯ ತಳ ಹಿಡದೀತ್ರಿ."

ಲಗಮವ್ವನ ಕೈ ಮತ್ತೆ ಗೂಟಕ್ಕೆ ಹೋಯಿತು. ಈ ಸಲ ಸಿಕ್ಕಿತು.

ಹಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಸೀದುಹೋಗಿತ್ತು. ಅದನ್ನು ತೆಗೆದು ಬದಿಗಿಡುವಾಗ ಬಾಳವ್ವನಿಗೆ ಒಂದೊಂದೇ ನೆನಪಾಯಿತು. ದಸರೆಯಿಂದೀಚೆಗೆ ಅತ್ತೆ ಸೂಜಿಗೆ ದಾರ ಪೋಣಿಸಲು ಕಾಶಿಯನ್ನೇ ಕರೆಯುತ್ತಿದ್ದಳು. ಅಕ್ಕಿ ಆರಿಸುವ ಮೊರವನ್ನು ಸೊಸೆಯ ಕಡೆ ಸರಿಸಿಬಿಡುತ್ತಿದ್ದಳು. ಅಂಗಳಕ್ಕೆ ಬಂದವರು ಬಾಯಿ ಬಿಡುವವರೆಗೆ "ಬಾ" ಎನ್ನುತ್ತಿರಲಿಲ್ಲ. ಮುದುಕಿಗೆ ಬಿಂಕ ಬಂದಿದೆ ಎಂದುಕೊಂಡಿದ್ದಳು ಬಾಳವ್ವ.

ಅಂದು ಎಳ್ಳಮಾವಾಸ್ಯೆ. ಹೊಲದಲ್ಲಿ ಜೋಳ ಒಡಲೊಳಗೆ ತೆನೆ ತುಂಬಿಕೊಂಡು ಹೊಡೆಗೆ ಬಂದು ನಿಂತಿತ್ತು. ಬಸುರಿ ಭೂಮಿತಾಯಿಗೆ ಬಗೆಬಗೆಯ ಅಡುಗೆ ಒಯ್ದು, ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲಿ ಬರುವ ದಿನ. ಅದಕ್ಕೆ ಚರಗ ಎನ್ನುತ್ತಾರೆ. ಊರಿನ ಉಳಿದವರು ಬಂಡಿ ಹೂಡಿಕೊಂಡು ಹೋಗುತ್ತಿದ್ದರು. ಈ ಮನೆಯ ಹೆಂಗಸರು, ಮಕ್ಕಳು ಮಾತ್ರ ಘಟಪ್ರಭೆಯ ದಂಡೆ ಹಿಡಿದು ನಡೆದೇ ಹೋಗುವವರು. ಬಸುರಿ ಮಗಳನ್ನು ನೋಡಲು ಗಾಲಿ ಉರುಳಿಸಿಕೊಂಡು ಹೋಗುತ್ತಾರೇನು ಎಂಬುದು ಲಗಮವ್ವನ ಮಾತು. ಬುಟ್ಟಿ ಹೊತ್ತು ಮುಂದೆ ಅವಳು, ನೀರಿನ ತಂಬಿಗೆ ಹಿಡಿದು ಹಿಂದೆ ಬಾಳವ್ವ. ಹೊಳೆಯ ಮಗ್ಗುಲಿನ ಹೊಲಗಳಲ್ಲಿ ಕೆಲಸ ಮಾಡುವವರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರು. ಬುಟ್ಟಿಗೆ ಕೈ ಹಚ್ಚದೆ, ಎದೆಯೆತ್ತಿ, ಸೀರೆಯ ನೆರಿಗೆ ಒದೆಯುತ್ತ ನಡೆಯುವ ಆ ಠೀವಿಯನ್ನು ಬಾಳವ್ವ ಮದುವೆಯಾಗಿ ಬಂದ ವರ್ಷ ಮೊದಲ ಬಾರಿ ನೋಡಿದ್ದಳು. ಈ ಮನೆಗೆ ಸೇರಿದವಳು ತಾನು ಎಂಬ ಹೆಮ್ಮೆ ಅಂದೇ ಮೊದಲು ಹುಟ್ಟಿದ್ದು.

ಈ ವರ್ಷ ಆ ನಡಿಗೆಗೇ ಸಂಚಕಾರ ಬಂದಿತ್ತು. ಬಾಳವ್ವನ ಗಂಡ ಉದ್ದಪ್ಪ ಮೂಡಲಗಿಯಲ್ಲಿ ಹೊಸ ಬಂಡಿ ಮಾಡಿಸಿ ತಂದಿದ್ದ.

"ಅವ್ವಾ, ಇವತ್ತ ಗಾಡ್ಯಾಗ ಕುಂಡ್ರು. ನಿನಗ ವಯಸ್ಸಾತು," ಎಂದು ಅಂಗಳದಿಂದಲೇ ಕೂಗಿದ.

"ಗಾಡಿ ಪಾತ್ರೆ ಒಯ್ಯಾಕ ಇರಲಿ. ನನ್ನ ಕಾಲ ಇನ್ನೂ ನನ್ನ ಮಾತ ಕೇಳತಾವ."

ಹಬ್ಬಕ್ಕೆಂದು ಹುಕ್ಕೇರಿಯಿಂದ ಮೋಟಾರಿನಲ್ಲಿ ಬಂದಿದ್ದ ಮಗಳು ತಾಯವ್ವ ನಕ್ಕಳು. "ಅಣ್ಣಾ, ಅವ್ವ ಆ ಬುಟ್ಟಿ ಯಾರಿಗೂ ಬಿಟ್ಟ ಕೊಡಂಗಿಲ್ಲ ಬಿಡು. ಹೊತಗೊಂಡ ಕೈಲಾಸಕ್ಕ ಹೋಗತಾಳ."

"ನಗಬ್ಯಾಡ ತಾಯವ್ವ. ಹೊಳಿ ಬಂದು ದಂಡಿ ಎಲ್ಲಾ ಹರಕೊಂಡ ಹೋಗೇತಿ. ಅವ್ವಾ, ಇದೊಂದ ಸಲ ನಡಿ. ಹಾದ್ಯಾಗ ಒಮ್ಮಿ ಎಡವಿದಿ ಅಂದ್ರ ಮುಂದಿನ ವರ್ಷದಿಂದ ನೀ ಗಾಡ್ಯಾಗ, ಬುಟ್ಟಿ ನಿನ್ನ ಸೊಸಿ ತೆಲಿ ಮ್ಯಾಲ. ಆತಿಲ್ಲೊ?"

"ಆತು," ಎಂದಳು ಲಗಮವ್ವ. ಅವಳ ಕೈ ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಅದನ್ನು ಕಂಡವಳು ಬಾಳವ್ವ ಒಬ್ಬಳೇ.

ಊರ ಅಗಸೆ ಬಾಗಿಲು ದಾಟಿ ಹೊಳೆಗೆ ಇಳಿದಾಗ ಬಿಸಿಲು ಎಳೆಯದಿತ್ತು. ಮಳೆಗಾಲದಲ್ಲಿ ಕೆಂಪಗೆ ಉಕ್ಕುವ ಹೊಳೆ ಈಗ ತಿಳಿಯಾಗಿ, ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಕುಸುಬೆ ಹೂ ಬಿಟ್ಟಿತ್ತು. ಗಾಳಿ ಈ ಕಡೆಗಿದ್ದುದರಿಂದ ಗೋಕಾಕ ಫಾಲ್ಸಿನ ಗಿರಣಿಯ ಭೋಂಗಾ ದೂರದಲ್ಲಿ ಕೂಗಿದ್ದು ಕೇಳಿತು. ಮುಂದೆ ಲಗಮವ್ವ. ಅವಳ ಬೆನ್ನಿಗೆ ಬಾಳವ್ವ. ನಡುವೆ ನುಗ್ಗುತ್ತ, ಹೊರಗೆ ಬರುತ್ತ ಕಾಶಿ. ಎಲ್ಲರ ಹಿಂದೆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡ ತಾಯವ್ವ.

ಬಾಳವ್ವ ಬಾಯಿ ತೆರೆದಳು. ಹೊಲ ಮುಟ್ಟುವವರೆಗೆ ಮುಚ್ಚಲಿಲ್ಲ.

"ಕಾಶೀ, ನೋಡಿ ನಡಿ, ಬಲಕ್ಕ ದೊಡ್ಡ ಕಲ್ಲ ಐತಿ... ಇಲ್ಲೆ ಇಳಕಲ ಆತು, ಹಗೂರಕ ಇಳಿ... ನೀರ ಹರದ ಕೊರಕಲ ಬಿದ್ದತಿ, ಒಂದ ಹೆಜ್ಜಿ ದೊಡ್ಡದ ಇಡು... ಎಡಕ್ಕ ಜಾಲಿ ಟೊಂಗಿ ಬಾಗೇತಿ ನೋಡು, ತೆಲಿ ತಗ್ಗಿಸು."

"ನಾ ಸಣ್ಣಾಕಿ ಅದೇನಿ ಯವ್ವಾ, ನನ್ನ ತೆಲಿಗೆ ಹತ್ತಂಗಿಲ್ಲದು!"

"ಹತ್ತಲಿ ಬಿಡಲಿ, ತಗ್ಗಿಸು."

ಮುಂದೆ ಲಗಮವ್ವ ಮೊಣಕಾಲು ಬಗ್ಗಿಸಿದಳು. ಬುಟ್ಟಿ ಟೊಂಗೆಯ ಅಡಿಯಲ್ಲಿ ನೀರಿನಂತೆ ನುಸುಳಿ ಆಚೆ ಎದ್ದಿತು. ಮುಚ್ಚಿದ ಬಿಳಿ ಬಟ್ಟೆ ಕೂಡ ಅಲುಗಲಿಲ್ಲ.

"ಏನ್ರಿ ವೈನಿ," ಎಂದು ಅತ್ತಿಗೆಗೆ ಹಿಂದಿನಿಂದ ಹೇಳಿದಳು ತಾಯವ್ವ, "ಮದಿವ್ಯಾದಾಗಿಂದ ಆಡದ ಉಳಿಸಿದ ಮಾತೆಲ್ಲಾ ಇವತ್ತ ಖರ್ಚ ಮಾಡಾಕತ್ತೀರೇನು?"

"ಹುಡುಗಿಗೆ ಹಾದಿ ಗೊತ್ತಾಗಬೇಕಲ್ಲ ತಾಯವ್ವ."

ಹಳೆಯ ಹುಣಸೆಮರದ ಹತ್ತಿರ ಬಂದರು. ಇದೇ ಕಡೆ ಹೊಳೆ ದಂಡೆಯನ್ನು ಕಡಿದದ್ದು. ಮರ ಉಳಿದಿತ್ತು, ಅದರ ಆಚೆಗಿದ್ದ ಹಾದಿ ಇರಲಿಲ್ಲ. ಜನ ಜಾಲಿಗಳ ಒಳಗೆ ಹಾಯ್ದು ಹೊಸ ಕಾಲುಹಾದಿ ಮಾಡಿಕೊಂಡಿದ್ದರು. ಈ ಸುದ್ದಿ ಲಗಮವ್ವನ ಕಿವಿಗೂ ಬಿದ್ದಿತ್ತು. ಆದರೆ ತಲೆಗೆ ಗೊತ್ತಿದ್ದದ್ದು ಕಾಲಿಗಿನ್ನೂ ಗೊತ್ತಿರಲಿಲ್ಲ. ಹುಣಸೆಯ ನೆರಳಿನ ತಂಪು ಮೈಗೆ ತಾಗಿದ್ದೇ ತಡ, ಆ ಕಾಲುಗಳು ತಮ್ಮ ಹಳೆಯ ಹಾದಿಯನ್ನೇ ಹಿಡಿದವು.

ಕೂಗಿದರೆ ತಾಯವ್ವನಿಗೆ ತಿಳಿಯುತ್ತದೆ, ಸಂಜೆಯೊಳಗೆ ಉದ್ದಪ್ಪನಿಗೆ ತಿಳಿಯುತ್ತದೆ. ಕೂಗದಿದ್ದರೆ ಇನ್ನು ನಾಲ್ಕು ಹೆಜ್ಜೆಗೆ ಕಡಿದಾದ ದಂಡೆ.

"ಅತ್ತೀ, ನಿಂದರ್ರಿ! ಕಾಲಾಗ ಮುಳ್ಳ ನೆಟ್ಟತ್ರಿ!"

ಓಡಿ ಹೋಗಿ ಅತ್ತೆಯ ಹೆಗಲು ಹಿಡಿದಳು. ಒಂಟಿ ಕಾಲಲ್ಲಿ ನಿಂತು, ಅಂಗಾಲು ಎತ್ತಿ, ಇಲ್ಲದ ಮುಳ್ಳನ್ನು ಕೀಳತೊಡಗಿದಳು. ಅವರ ಮುಂದೆಯೇ ಒಂದು ಮಣ್ಣಿನ ಹೆಂಟೆ ಕಳಚಿ ಉರುಳಿತು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆಲ್ಲೋ ನೀರಿನಲ್ಲಿ ಗುಳುಂ ಎಂದಿತು. ಹಿಡಿದ ಹೆಗಲು ಗಟ್ಟಿಯಾಯಿತು. ಬಾಳವ್ವ ಕೈ ಬಿಡುವ ಹೊತ್ತಿಗೆ ಆ ಹೆಗಲು ಜಾಲಿಗಳ ಕಡೆ ತಿರುಗಿತ್ತು.

"ಹೊಂಟತೇನು?" ಎಂದು ಕೇಳಿದಳು ಲಗಮವ್ವ.

"ಹೊಂಟತ್ರಿ. ನಡೀರಿ."

ಹೊಲದಲ್ಲಿ, ಬಂಡಿಯಲ್ಲಿ ಮೊದಲೇ ಬಂದಿದ್ದ ಉದ್ದಪ್ಪ ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ, ಪೂಜೆಯ ಐದು ಕಲ್ಲಿಗೆ ಸುಣ್ಣ ಹಚ್ಚಿ ಕಾಯುತ್ತಿದ್ದ. ಪೂಜೆ ಮುಗಿಯಿತು. ಲಗಮವ್ವ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಬೆಳೆಯೊಳಗೆ ಹೊಕ್ಕಳು. ಅವಳು ಚರಗ ಚೆಲ್ಲುತ್ತ ಮುಂದೆ ಹೋದರೆ, ಬಾಳವ್ವ ನೀರು ಚಿಮುಕಿಸುತ್ತ ಹಿಂದೆ ನಡೆದಳು. ಇಲ್ಲಿ ಮಾತು ಬೇಕಿರಲಿಲ್ಲ. ಜೋಳದ ಎಲೆ ಮೊಣಕೈಗೆ ಸವರುತ್ತಿತ್ತು, ಲಗಮವ್ವ ಅದನ್ನೇ ಹಿಡಿದು ಸಾಲು ತಪ್ಪದೆ ನಡೆದಳು. ಹೊಲದ ಕೊನೆಯ ಬದು ಕಾಲಿಗೆ ತಾಗಿದಾಗ, ಮನೆಯ ಹೊಸ್ತಿಲು ಬಂದಂತೆ ಸಲೀಸಾಗಿ ತಿರುಗಿದಳು.

"ನೋಡ ತಾಯವ್ವ," ಎಂದ ಉದ್ದಪ್ಪ ತಡೆಯಲಾರದೆ, "ಗೆರಿ ಕೊರದಂಗ ನಡದಾಳ ಅವ್ವ! ಇಂಥಾಕಿನ್ನ ಗಾಡ್ಯಾಗ ಕುಂಡ್ರಸಾಕ ಹೊಂಟಿದ್ನೆಲ್ಲ ನಾ!"

"ನಾ ಮೊದಲ ಹೇಳಲಿಲ್ಲೇನು?" ಎಂದಳು ತಾಯವ್ವ. ಅವಳ ದನಿಯಲ್ಲೂ ಅದೇ ಹಿಗ್ಗು.

ಬಾಳವ್ವ ತಲೆ ತಗ್ಗಿಸಿ ನೀರು ಚಿಮುಕಿಸಿದಳು. ಕಣ್ಣಿದ್ದೂ ಸಾಲು ತಪ್ಪುವ ಎಷ್ಟೋ ಜನರನ್ನು ಅವಳು ಕಂಡಿದ್ದಳು.

ಊಟವಾದ ಮೇಲೆ ಅತ್ತೆಯ ಕೈಗೆ ನೀರು ಹಾಕುವಾಗ ಸುತ್ತ ಯಾರೂ ಇರಲಿಲ್ಲ.

"ಆ ಮುಳ್ಳ ಎಷ್ಟ ಉದ್ದಿತ್ತ ಬಾಳವ್ವಾ?"

"ನನಗ ಕಾಣಲಿಲ್ರಿ."

"ನನಗೂ ಕಾಣಲಿಲ್ಲ ನೋಡವ್ವ," ಎಂದು ಲಗಮವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಒದ್ದೆ ಕೈಯಿಂದ ಸೊಸೆಯ ಕೆನ್ನೆ ಸವರಿದಳು, ಹಣೆ ಸವರಿದಳು. ಬಹಳ ದಿನದ ಮೇಲೆ ಮುಖ ನೋಡುವವಳಂತೆ ನಿಧಾನವಾಗಿ ಸವರಿದಳು. "ಕಾಶಿ ಕಣ್ಣ ಚಲೋ ಅದಾವ. ಆ ಹುಡುಗಿಗ್ಯಾಕ ಅಷ್ಟ ಹೇಳಿದಿ?"

ಬಾಳವ್ವ ತಂಬಿಗೆ ಬಾಗಿಸಿ ಅತ್ತೆಯ ಕೈಗೆ ಇನ್ನಷ್ಟು ನೀರು ಹಾಕಿದಳು.

ಸಂಜೆ ಅದೇ ದಂಡೆಯ ಮೇಲೆ ಮರಳಿದರು. ಬುಟ್ಟಿ ಈಗ ಖಾಲಿ, ಕಾಶಿ ಅಜ್ಜಿಯ ಕೈಬೆರಳು ಹಿಡಿದಿದ್ದಳು. ಬಾಳವ್ವ ಬೇಕೆಂದೇ ಸುಮ್ಮನಿದ್ದಳು. ಜಾಲಿಗಳ ಹತ್ತಿರ ಬಂದಾಗ ಲಗಮವ್ವನ ನಡಿಗೆ ತಾನಾಗಿ ನಿಧಾನವಾಯಿತು. ಹೆಬ್ಬೆರಳಿನಿಂದ ನೆಲವನ್ನು ಕೆದಕಿ, ಜನರ ಕಾಲು ತುಳಿದು ಗಟ್ಟಿಯಾದ ಮಣ್ಣು ಯಾವ ಕಡೆಗಿದೆ ಎಂದು ಅವಳು ಹುಡುಕಿದಳು. ಸಿಕ್ಕಿತು. ಮುಂದೆ ಮತ್ತೆ ತಪ್ಪಿತು. ತಿರುಗಿ ಹುಡುಕಿದಳು.

ಜಾಲಿಗಳಾಚೆ, ಹೊಳೆಯ ಅಂಚಿನಲ್ಲಿ ಒಂದು ಅಗಲವಾದ ಹಾಸುಗಲ್ಲಿತ್ತು. ಬಾಳವ್ವ ಅದನ್ನೇ ನೋಡುತ್ತ ನಡೆದಳು. ಅಗಸೆಯ ಬದಿಯ ಹತ್ತಿರದ ಕಲ್ಲು ಬಿಟ್ಟು ನಾಳೆಯಿಂದ ಅರಿವೆ ಒಗೆಯಲು ಇಲ್ಲಿಗೇ ಬರುವುದು. ಗಂಟು ಭಾರವೆಂದು ಅತ್ತೆಯನ್ನೂ ದಿನವೂ ಜೊತೆಗೆ ಕರೆಯುವುದು. ಮಳೆ ಬೀಳುವಷ್ಟರಲ್ಲಿ ಆ ಕಾಲುಗಳಿಗೆ ಈ ಹೊಸ ಹಾದಿ ಬಾಯಿಪಾಠವಾಗಬೇಕು. ಇಷ್ಟು ದೂರ ಯಾಕೆ ಎಂದು ಉದ್ದಪ್ಪ ಕೇಳಿದರೆ, ಇಲ್ಲಿಯ ನೀರು ತಿಳಿಯಾಗಿದೆ ಎಂದರಾಯಿತು.

"ಏನ್ರಿ ವೈನಿ, ಮಾತ ಎಲ್ಲಾ ತೀರಿದುವೇನು?" ಎಂದು ತಾಯವ್ವ ಹಿಂದಿನಿಂದ ಕೆಣಕಿದಳು.

ಬಾಳವ್ವ ನಕ್ಕಳು. ಖಾಲಿ ತಂಬಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಮುಂದಿನ ಹೆಜ್ಜೆಗಳ ಹಿಂದೆ ಹೆಜ್ಜೆ ಇಟ್ಟಳು.